ನಲವತ್ತೆಂಟನೇ ನಿಮಿಷ

ಆ ಥಿಯೇಟರಿನಲ್ಲಿ ಇಪ್ಪತ್ತೆರಡು ವರ್ಷ ಕ್ಯಾಂಟೀನ್ ನಡೆಸಿದ ಹೆಂಗಸು ಒಂದೇ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವಳಲ್ಲ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ, ಸತ್ಯ ಅದೇ. ಒಳಗೆ ನಾಯಕ ಸಾಯುತ್ತಿರುವಾಗ ಅವಳು ಹಾಲು ಕಾಯಿಸುತ್ತಿರುತ್ತಾಳೆ, ನಾಯಕಿಗೆ ಮದುವೆಯಾಗುತ್ತಿರುವಾಗ ಪೇಪರ್ ಕಪ್ಪು ಜೋಡಿಸುತ್ತಿರುತ್ತಾಳೆ. ಆದರೂ ಯಾವ ಸಿನಿಮಾ ಜನರನ್ನು ಎಲ್ಲಿ ಹಿಡಿಯಿತು, ಎಲ್ಲಿ ಕೈಬಿಟ್ಟಿತು ಅನ್ನುವುದನ್ನು ಅವಳನ್ನೇ ಕೇಳಬೇಕು. ಕೌಂಟರಿನ ಮೇಲೆ ಒಂದು ಗೋಡೆ ಗಡಿಯಾರ. ಶೋ ಶುರುವಾದ ಗಳಿಗೆಯಿಂದ ಅವಳ ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಕಣ್ಣು ಹಾಲ್‌ನ ಬಾಗಿಲಿನ ಮೇಲೆ. ಎಷ್ಟನೇ ನಿಮಿಷಕ್ಕೆ ಎಷ್ಟು ಜನ ಎದ್ದು ಬಂದರು ಎಂದು ಬಿಸ್ಕತ್ತಿನ ಡಬ್ಬದ ರಟ್ಟಿನ ಮೇಲೆ ಗೀಟು ಎಳೆಯುತ್ತಾ ಹೋಗುತ್ತಾಳೆ. ಅದಕ್ಕೇ ಅವಳಿಗೆ ಗಡಿಯಾರದಕ್ಕ ಎಂಬ ಹೆಸರು ಬಿತ್ತು, ಬಿದ್ದದ್ದು ಹೋಗಲೇ ಇಲ್ಲ.

ಎದ್ದು ಬರುವವರಲ್ಲೂ ಜಾತಿಗಳಿವೆ. ಒಬ್ಬ ಓಡಿಕೊಂಡು ಬಂದು, "ಬೇಗ ಬೇಗ ಒಂದು ಚಹಾ ಕೊಡಿ," ಎಂದು ಕಾಲು ಕುಣಿಸುತ್ತಾ ನಿಲ್ಲುತ್ತಾನೆ, ಚಿಲ್ಲರೆಗೂ ಕಾಯುವುದಿಲ್ಲ. ಅವನನ್ನು ಸಿನಿಮಾ ಕಟ್ಟಿಹಾಕಿದೆ, ಹಗ್ಗ ಸ್ವಲ್ಪ ಉದ್ದ ಬಿಟ್ಟಿದೆ ಅಷ್ಟೇ. ಇನ್ನೊಬ್ಬ ಬಂದು, ಮುಂದಿನ ವಾರದ ಪೋಸ್ಟರುಗಳನ್ನೆಲ್ಲ ಓದಿ, "ಚಹಾ ಸಕ್ಕರೆ ಹಾಕಿದ್ದಾ, ಹಾಕದ್ದಾ, ಬಿಸ್ಕತ್ತು ಯಾವ್ಯಾವುದಿದೆ?" ಎಂದು ವಿಚಾರಣೆ ಶುರು ಮಾಡುತ್ತಾನೆ. ಅವನು ಒಳಗೆ ಹೋದರೂ ಒಂದೇ, ಹೋಗದಿದ್ದರೂ ಒಂದೇ. ಮೂರನೆಯವರು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಎದ್ದು ಬರುವವರು. ಇಬ್ಬರೂ ಬಂದರೆ ಆ ಕಥೆ ಮುಗಿಯಿತು ಅಂತಲೇ ಲೆಕ್ಕ. ಕಥೆಯಲ್ಲಿ ಏನಾದರೂ ಜೀವವಿದ್ದರೆ, "ನೀನು ನೋಡ್ತಿರು, ಏನಾಯ್ತು ಅಂತ ಆಮೇಲೆ ಹೇಳು," ಎಂದು ಒಬ್ಬರನ್ನಾದರೂ ಒಳಗೆ ಬಿಟ್ಟು ಬರುತ್ತಾರೆ.

ಹೀಗೆ ಅವಳ ಮಾತು ನಿಜವಾಗುತ್ತಾ ಆಗುತ್ತಾ, ಸಿನಿಮಾ ಮಾಡುವವರೇ ಶುಕ್ರವಾರ ಸಂಜೆ ಅವಳ ಕೌಂಟರಿಗೆ ಬರತೊಡಗಿದರು. ಚಹಾ ಕುಡಿಯುವ ನೆಪ ಮಾಡಿ, "ಅಕ್ಕಾ, ಎಲ್ಲಿ ಎದ್ದು ಬಂದ್ರು?" ಎನ್ನುತ್ತಿದ್ದರು. ಅವಳು ರಟ್ಟು ನೋಡಿ ಮುಖದ ಮೇಲೆ ಹೊಡೆದ ಹಾಗೆ ಹೇಳುತ್ತಿದ್ದಳು. "ಮೊದಲ ಹತ್ತು ನಿಮಿಷ ಏನು ಮಾಡಿದ್ರೂ ಜನ ಕ್ಷಮಿಸ್ತಾರೆ ಸ್ವಾಮಿ. ಇಪ್ಪತ್ತು ನಿಮಿಷ ಆದ್ಮೇಲೂ ಇದು ಯಾರ ಕಥೆ ಅಂತ ಗೊತ್ತಾಗದಿದ್ರೆ ಅವರಿಗೆ ಬಾಯಾರಿಕೆ ಆಗುತ್ತೆ. ನಿಮ್ಮ ಸಿನಿಮಾದಲ್ಲಿ ಎಲ್ಲರಿಗೂ ಬಾಯಾರಿಕೆ ಆಯ್ತು." ಒಬ್ಬರು ಅವಳ ಮಾತು ಕೇಳಿ ಒಂದು ಇಡೀ ಹಾಡನ್ನೇ ಕಿತ್ತು ಹಾಕಿದರು, ಸಿನಿಮಾ ಎಂಟು ವಾರ ಓಡಿತು. ಅಲ್ಲಿಂದ ಕ್ಯಾಂಟೀನಿನ ಮಾತು ಎಂದರೆ ಕಲ್ಲಿನ ಮೇಲೆ ಕೊರೆದ ಮಾತು ಎಂದಾಯಿತು.

ತಮಾಷೆ ಏನು ಗೊತ್ತೇ? ಒಳ್ಳೆಯ ಸಿನಿಮಾ ಬಂದರೆ ಅವಳಿಗೇ ಕಷ್ಟ. ಜನ ಏಳುವುದೇ ಇಲ್ಲವಲ್ಲ! ಗೇಟಿನಲ್ಲಿ ಟಿಕೆಟ್ ಹರಿಯುವ ಗೇಟಿನಣ್ಣ, ಅವಳಿಗಿಂತ ಹತ್ತು ವರ್ಷ ದೊಡ್ಡವನು, ಅದಕ್ಕೇ ರೇಗಿಸುತ್ತಿದ್ದ: "ಈ ವಾರದ್ದು ಚೆನ್ನಾಗಿದೆಯಂತೆ ಕಣಮ್ಮ, ನಿನ್ನ ಹಾಲೆಲ್ಲ ಒಡೆದುಹೋಗುತ್ತೆ ನೋಡ್ತಿರು."

ಕಳೆದ ವರ್ಷ ಥಿಯೇಟರಿಗೆ ಬಣ್ಣ ಹೊಡೆಸಿದಾಗ ಮ್ಯಾನೇಜರು ಅವಳ ಕೌಂಟರನ್ನು ಎದುರು ಗೋಡೆಯಿಂದ ಕಿತ್ತು ಹಾಲ್‌ನ ಬಾಗಿಲ ಪಕ್ಕದ ಗೋಡೆಗೆ ತಂದು ಕೂರಿಸಿದ್ದರು. ಅವಳಿಗೂ ಅದೇ ಬೇಕಿತ್ತು, ನಾಲ್ಕು ಹೆಜ್ಜೆ ಕಮ್ಮಿಯಾಯಿತು. ಆಗಿನಿಂದ ಅವಳಿಗೊಂದು ಹೊಸ ವಿಷಯ ಹೊಳೆಯಿತು. ಯಾವ ಸಿನಿಮಾವೇ ಬರಲಿ, ಹೊಡೆದಾಟದ್ದೋ ಅಳುವಿನದ್ದೋ, ಸುಮಾರು ನಲವತ್ತೆಂಟನೇ ನಿಮಿಷಕ್ಕೆ ಜನ ಗುಂಪಾಗಿ ಎದ್ದು ಬರುತ್ತಿದ್ದರು. "ಈಗಿನ ಕಾಲದವರ ಕಥೆಗೆ ಮುಕ್ಕಾಲು ಗಂಟೆಗೆ ಉಸಿರು ಕಟ್ಟುತ್ತೆ ಕಣಣ್ಣ," ಎಂದು ಗೇಟಿನಣ್ಣನಿಗೆ ಪಾಠ ಹೇಳುತ್ತಿದ್ದಳು. ಬಂದ ಸಿನಿಮಾದವರಿಗೂ ಅದನ್ನೇ ಹೇಳುತ್ತಿದ್ದಳು. ಅವರೂ ತಲೆಯಾಡಿಸಿ ಹೋಗಿ ನಲವತ್ತೆಂಟನೇ ನಿಮಿಷದ್ದನ್ನು ಕತ್ತರಿಸುತ್ತಿದ್ದರು. ಮೊದಲಿಂದಲೂ ಇಂಟರ್ವಲ್‌ಗೆಂದು ಮುಕ್ಕಾಲು ಗಂಟೆಯ ಹೊತ್ತಿಗೆ ಪಾಪ್‌ಕಾರ್ನ್ ಮೆಷಿನ್ನಿಗೆ ಜೋಳ ಸುರಿಯುತ್ತಿದ್ದವಳು, ಜನ ಬಂದಾಗ ಬಿಸಿಬಿಸಿ ಸಿಗಲಿ ಎಂದು ನಲವತ್ತನಾಲ್ಕನೇ ನಿಮಿಷಕ್ಕೆ ಸರಿಯಾಗಿ ಸುರಿಯುವ ಅಭ್ಯಾಸ ಮಾಡಿಕೊಂಡಳು. ತನ್ನ ಈ ಮುಂದಾಲೋಚನೆಯ ಬಗ್ಗೆ ಅವಳಿಗೆ ಬಹಳ ಹೆಮ್ಮೆಯಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಅವಳಿಗೊಬ್ಬ ತಮ್ಮ. ಒಂಬತ್ತು ವರ್ಷ ಚಿಕ್ಕವನು, ಮರಿ ಎಂದೇ ಕರೆಯುತ್ತಾಳೆ, ಮರಿಗೆ ಈಗ ತಲೆಗೂದಲು ಉದುರುತ್ತಿದೆ. ಅಕ್ಕ ಕ್ಯಾಂಟೀನಿನವನನ್ನು ಮದುವೆಯಾಗಿ ಈ ಊರಿಗೆ ಬಂದಾಗ ಅವನಿಗೆ ಎಂಟು ವರ್ಷ. ದೊಡ್ಡವನಾದ ಮೇಲೆ ಅವನೂ ಇಲ್ಲಿಗೇ ಬಂದ. ಅವರಿವರ ಸಿನಿಮಾಗಳಿಗೆ ದುಡಿದೂ ದುಡಿದೂ, ಬೈಸಿಕೊಂಡೂ ಬೈಸಿಕೊಂಡೂ, ಅಂತೂ ಇಂತೂ ಅವನದೇ ಒಂದು ಸಿನಿಮಾ ಆಯಿತು. ಅದು ಆ ಶುಕ್ರವಾರ ಅಕ್ಕನ ಥಿಯೇಟರಿಗೇ ಬಂತು.

ಬೆಳಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದು ಪಾತ್ರೆ ಹಾಲು ಉಕ್ಕಿಸಿದಳು. ತೊಳೆದ ಕಪ್ಪುಗಳನ್ನೇ ಮತ್ತೆ ತೊಳೆದಳು. ಇವತ್ತು ಏನಾದರಾಗಲಿ ಒಳಗೆ ಹೋಗಿ ನೋಡೇ ಬಿಡುತ್ತೇನೆ ಎಂದು ಗೇಟಿನಣ್ಣನ ಹತ್ತಿರ ನಾಲ್ಕು ಸಲ ಹೇಳಿದಳು. ಆದರೆ ಹಾಲ್ ತುಂಬಿತ್ತು. ನಲವತ್ತನಾಲ್ಕಕ್ಕೆ ಜೋಳ ಸುರಿದಳು, ನಲವತ್ತೆಂಟಕ್ಕೆ ಬಾಗಿಲು ತೆರೆಯಿತು, ಬಂತಪ್ಪ ದಂಡು! ನಲವತ್ತು ಜನ ಒಂದೇ ಏಟಿಗೆ. ಬೇರೆಯವರ ಸಿನಿಮಾ ಆಗಿದ್ದರೆ ಒಳಗೊಳಗೇ ಖುಷಿಪಡುತ್ತಿದ್ದಳು. ಆ ದಿನ ಪೊಟ್ಟಣ ಕಟ್ಟುವಾಗ ಒಬ್ಬೊಬ್ಬರ ಮೇಲೂ ಸಿಟ್ಟು ಬಂತು. ಎರಡನೇ ಶೋದಲ್ಲೂ ಹಾಗೇ ಆಯಿತು. ಕೌಂಟರ್ ಬಿಟ್ಟು ಒಳಗೆ ಕಾಲಿಡಲು ಪುರಸೊತ್ತೇ ಸಿಗಲಿಲ್ಲ.

ಸಂಜೆ ಐದಕ್ಕೆ ಮರಿ ಬಂದ. ಮುಖ ಬಾಡಿಹೋಗಿತ್ತು.

"ಅಕ್ಕ, ನಿರ್ಮಾಪಕರು ಹನ್ನೆರಡು ನಿಮಿಷ ತೆಗೀಬೇಕು ಅಂತ ಕೂತಿದಾರೆ. ನಾಳೆ ನಾಲ್ಕು ಗಂಟೆಯೊಳಗೆ ಹೊಸ ಪ್ರತಿ ಎಲ್ಲ ಥಿಯೇಟರಿಗೂ ಹೋಗಬೇಕಂತೆ, ಭಾನುವಾರದಿಂದ ಅದೇ ಓಡಬೇಕಂತೆ. ಎಂಟು ನಿಮಿಷ ಅಲ್ಲಿ ಇಲ್ಲಿ ಹೆರೆದು ತೆಗ್ದೆ. ಇನ್ನು ನಾಲ್ಕು ನಿಮಿಷ ಬೇಕು. ಅಮ್ಮ ಬೆಡ್‌ಶೀಟ್ ಮಡಚೋ ಸೀನ್ ಇದೆಯಲ್ಲ, ಅದಾದ್ರೂ ಹೋಗಬೇಕು, ಅದರ ಹಿಂದೇನೇ ಬರೋ ಕಾರ್ ಓಟನಾದ್ರೂ ಹೋಗಬೇಕು. ಕಾರ್ ಓಟ ಮುಟ್ಟಬೇಡ ಅಂತಾರೆ ಅವರು. ಆದ್ರೂ ನಾನು ಹಟ ಹಿಡಿದ್ರೆ ಬಿಟ್ಟಾರು. ಹೇಳು, ಜನ ಎಲ್ಲಿ ಎದ್ದು ಬಂದ್ರು?"

ಅವಳು ರಟ್ಟನ್ನು ಅವನ ಮುಂದಿಟ್ಟಳು. ಸುಳ್ಳು ಹೇಳುವ ಹಾಗಿರಲಿಲ್ಲ, ಗೀಟುಗಳು ಕಣ್ಣಿಗೆ ರಾಚುತ್ತಿದ್ದವು. ಮರಿ ಎಣಿಸಿದ. ನಲವತ್ತೆಂಟನೇ ನಿಮಿಷ, ಬೆಡ್‌ಶೀಟಿನ ಸೀನು. ಕಾರಿನ ಓಟದಲ್ಲಿ ಒಬ್ಬನೇ ಒಬ್ಬ ಎದ್ದು ಬಂದಿದ್ದ.

ಅವನು ಸ್ವಲ್ಪ ಹೊತ್ತು ರಟ್ಟನ್ನೇ ನೋಡಿದ. ಆಮೇಲೆ ತಲೆಯೆತ್ತಿ, "ಜನ ಹಾಳಾಗಿ ಹೋಗಲಿ. ನೀನು ನೋಡ್ದೆಯಾ?" ಎಂದು ಕೇಳಿದ.

ಇಡೀ ದಿನದಲ್ಲಿ ಅವನು ಕೇಳಿದ ನಿಜವಾದ ಪ್ರಶ್ನೆ ಅದೊಂದೇ. ಅವಳಿಗೂ ಅದು ಗೊತ್ತಾಯಿತು. ತಮ್ಮನ ಮೊದಲ ಸಿನಿಮಾ, ಬಾಗಿಲಿಗೂ ಅವಳಿಗೂ ನಾಲ್ಕು ಹೆಜ್ಜೆ, ನಾನು ಪಾಪ್‌ಕಾರ್ನ್ ಕಟ್ಟುತ್ತಾ ನಿಂತಿದ್ದೆ ಕಣೋ ಎಂದು ಯಾವ ಬಾಯಲ್ಲಿ ಹೇಳುವುದು? ನಾಚಿಕೆಯಾಯಿತು. ನಾಚಿಕೆಯಾದಾಗ ಬಾಯಿಗೆ ಏನು ಬರುತ್ತದೋ ಅದೇ ಬಂತು.

"ನೋಡ್ದೆ ಕಣೋ," ಅಂದಳು.

"ಬೆಡ್‌ಶೀಟಿನ ಸೀನು?"

"ಅದನ್ನೂ ನೋಡ್ದೆ. ಚೆನ್ನಾಗಿದೆ... ಆದ್ರೆ ಸ್ವಲ್ಪ ಎಳೀತು."

ರಟ್ಟಿನ ಮೇಲಿದ್ದದ್ದನ್ನೇ ಕಣ್ಣಾರೆ ಕಂಡವಳಂತೆ ಹೇಳಿಬಿಟ್ಟಳು. ಮರಿ, "ಹೂಂ," ಎಂದ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಅವನು ಮೆಟ್ಟಿಲಿಳಿದು ಹೋಗುವುದನ್ನು ನೋಡುತ್ತಾ ನಿಂತಳು. ಮುಂದಿನ ಎರಡು ಶೋಗಳಲ್ಲಿ ಕೊಟ್ಟವರಿಗೇ ಎರಡೆರಡು ಸಲ ಚಹಾ ಕೊಟ್ಟಳು.

ಮಾರನೇ ದಿನ, ಶನಿವಾರ, ಮಧ್ಯಾಹ್ನ ಒಂದರ ಶೋ. ನಲವತ್ತನಾಲ್ಕನೇ ನಿಮಿಷಕ್ಕೆ ಜೋಳ ಸುರಿದು ಸ್ವಿಚ್ ಒತ್ತಿದಳು. ಮೆಷಿನ್ ಬಿಸಿಯಾಗಲಿಲ್ಲ. ಬಡಿದಳು, ಬೈದಳು, ಪ್ಲಗ್ ಕಿತ್ತು ಮತ್ತೆ ಹಾಕಿದಳು. ಒಳಗಿನ ಕಾಯಿಲ್ ಸುಟ್ಟುಹೋಗಿತ್ತು. ಇನ್ನೇನು ದಂಡು ಬರುತ್ತದೆ, ಕೊಡಲು ಚಹಾ ಬಿಟ್ಟರೆ ಏನೂ ಇಲ್ಲ. ಗಡಿಯಾರ ನಲವತ್ತೆಂಟು ತೋರಿಸಿತು. ಬಾಗಿಲು ತೆರೆಯಲಿಲ್ಲ. ನಲವತ್ತೊಂಬತ್ತು. ಒಬ್ಬ ಮುದುಕ ಬಂದು ಬಚ್ಚಲಿಗೆ ಓಡಿ, ಬಂದಷ್ಟೇ ಬೇಗ ಒಳಗೆ ಓಡಿದ. ಮತ್ತೆ ಯಾರೂ ಇಲ್ಲ.

ಅವಳಿಗೆ ಗಾಬರಿಯಾಯಿತು. ಗೇಟಿನ ಹತ್ತಿರ ಹೋಗಿ, "ಅಣ್ಣಾ, ಒಳಗೆ ಜನ ಇದ್ದಾರಾ ಇಲ್ವಾ?" ಎಂದಳು.

"ಇಲ್ಲದೆ ಏನು? ಟಿಕೆಟ್ ಹರಿದು ಹರಿದು ನನ್ನ ಹೆಬ್ಬೆರಳು ನೋಯ್ತಿದೆ. ಹಾಲ್ ತುಂಬಿದೆ."

"ಮತ್ತೆ ಯಾಕೆ ಒಬ್ರೂ ಬರ್ತಿಲ್ಲ?"

"ನಿನ್ನ ಜೋಳದ ವಾಸನೆ ಇಲ್ವಲ್ಲಮ್ಮ, ಯಾಕೆ ಬರ್ತಾರೆ?" ಗೇಟಿನಣ್ಣ ನಕ್ಕ. "ನೀನು ಕೌಂಟರ್ ಈ ಕಡೆ ತಂದ ಮೇಲೆ ಒಳಗೆ ಮೊದಲ ಸಾಲಿನವರೆಗೂ ಗಮ್ ಅಂತ ಹೊಡೆಯುತ್ತೆ. ನಾನೇ ಒಂದು ದಿನ ಒಳಗೆ ನಿಂತಿದ್ದೆ, ಬಾಯಲ್ಲಿ ನೀರೂರಿ ಎದ್ದು ಬಂದೆ."

ಅವನು ತಮಾಷೆಗೆ ಹೇಳಿದ್ದ. ಅವಳು ತಿರುಗಿ ತನ್ನ ಮೆಷಿನ್ನಿನ ಹಿಂದಿನ ಗೋಡೆ ನೋಡಿದಳು. ಅಲ್ಲಿ ಹಾಲ್‌ನೊಳಗೆ ಗಾಳಿ ಎಳೆದುಕೊಳ್ಳುವ ದೊಡ್ಡ ಫ್ಯಾನಿನ ಜಾಲರಿ ಇತ್ತು. ವರ್ಷದಿಂದ ದಿನಾ ಅದರ ಧೂಳು ಒರೆಸುತ್ತಿದ್ದಳು ಪುಣ್ಯಾತ್ಗಿತ್ತಿ, ಅದು ಏನು ಮಾಡುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಜನ ಬರುತ್ತಾರೆ ಎಂದು ಇವಳು ಜೋಳ ಹುರಿದದ್ದಲ್ಲ, ಇವಳು ಹುರಿದಳು ಎಂದು ಜನ ಬಂದದ್ದು. ಇಡೀ ಒಂದು ವರ್ಷ! ಎಷ್ಟು ಸಿನಿಮಾದವರು ಅವಳ ಮಾತು ಕೇಳಿ ನಲವತ್ತೆಂಟನೇ ನಿಮಿಷವನ್ನು ಕತ್ತರಿಸಿ ಬಿಸಾಕಿದ್ದರೋ! ಆದರೆ ಅವರೆಲ್ಲ ಆಮೇಲೆ, ಮೊದಲು ಮರಿ.

ಕೈಯಲ್ಲಿದ್ದ ಬಟ್ಟೆಯನ್ನು ಕೌಂಟರಿನ ಮೇಲೆ ಎಸೆದು, ಬಾಗಿಲು ತಳ್ಳಿ ಒಳಗೆ ಹೋದಳು.

ಪರದೆಯ ಮೇಲೆ ಒಂದು ತಾರಸಿ. ಹಗ್ಗದ ತುಂಬ ಬಿಳಿ ಬೆಡ್‌ಶೀಟುಗಳು. ಅವರಮ್ಮ ಲಾಡ್ಜಿನ ಬೆಡ್‌ಶೀಟುಗಳನ್ನು ಮನೆಗೆ ತಂದು ಒಗೆದು ಮಡಚಿ ಕೊಡುತ್ತಿದ್ದವಳು. ಚಿಕ್ಕಂದಿನಿಂದ ಆ ಇನ್ನೊಂದು ತುದಿ ಹಿಡಿಯುವುದು ಅಕ್ಕನ ಕೆಲಸವಾಗಿತ್ತು. ಇಬ್ಬರೂ ಎಳೆದು ಹಿಡಿಯಬೇಕು, ಒಂದು ಸಲ ಕೊಡವಬೇಕು, ನಡು ಮಡಚಬೇಕು, ಆಮೇಲೆ ಎದುರುಬದುರು ನಡೆದು ಬಂದು ಅವಳ ತುದಿ ಅಮ್ಮನ ಕೈಗೆ. ದಿನಕ್ಕೆ ಐವತ್ತು ಅರವತ್ತು ಸಲ. ಮದುವೆಯಾಗಿ ಹೊರಟಾಗ, "ಇನ್ನು ಯಾರು ಹಿಡೀತಾರಮ್ಮ?" ಎಂದು ಕೇಳಿದ್ದಳು. "ಪಕ್ಕದ ಮನೆಯವಳು ಬರ್ತೀನಿ ಅಂದಿದಾಳೆ ಬಿಡೇ. ನಿನ್ನ ಸಂಸಾರ ನೀನು ನೋಡ್ಕೋ," ಎಂದಿದ್ದಳು ಅಮ್ಮ. ಆಮೇಲೆ ಊರಿಗೆ ಹೋದಾಗಲೆಲ್ಲ ಕೇಳಿದರೂ ಅದೇ ಉತ್ತರ. ಅಮ್ಮ ಹೋಗಿ ಆರು ವರ್ಷವಾಗಿತ್ತು.

ಪರದೆಯ ಮೇಲೆ ಪಕ್ಕದ ಮನೆಯವಳು ಯಾರೂ ಇರಲಿಲ್ಲ. ಒಬ್ಬಳೇ ಹೆಂಗಸು. ಬೆಡ್‌ಶೀಟಿನ ಒಂದು ಅಂಚನ್ನು ಗದ್ದದ ಕೆಳಗೆ ಸಿಕ್ಕಿಸಿ ಹಿಡಿದಿದ್ದಾಳೆ, ಇನ್ನೊಂದು ಅಂಚು ನೆಲಕ್ಕೆ ತಾಗದ ಹಾಗೆ ಎರಡೂ ಕೈ ಅಗಲಿಸಿದ್ದಾಳೆ. ಗಾಳಿ ಬೀಸಿ ಶೀಟು ಮುಖಕ್ಕೆ ಸುತ್ತಿಕೊಳ್ಳುತ್ತದೆ. ಬಿಡಿಸಿಕೊಳ್ಳುತ್ತಾಳೆ. ಮೂಲೆಯಲ್ಲೊಬ್ಬ ಚಿಕ್ಕ ಹುಡುಗ ನಿಂತು ನೋಡುತ್ತಿದ್ದಾನೆ, ಅವನು ಹಿಡಿದರೆ ಶೀಟು ನೆಲಕ್ಕೆ ತಾಗುತ್ತದೆ, ಅಷ್ಟು ಕುಳ್ಳ. ಒಂದು ಮಾತಿಲ್ಲ, ಸಂಗೀತವಿಲ್ಲ. ಅಂತೂ ನಡು ಮಡಚಿದಳು. ಆಮೇಲೆ, ಆ ಹೆಂಗಸು, ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಭ್ಯಾಸ ಬಲದಿಂದ ಎರಡು ಹೆಜ್ಜೆ ಮುಂದೆ ನಡೆದಳು, ಎದುರಿಗೆ ಯಾರೋ ಬರುತ್ತಿದ್ದಾರೆ ಎನ್ನುವ ಹಾಗೆ. ನಡೆದು ನಿಂತಳು. ಮುಂದಿನ ಶೀಟು ತೆಗೆದುಕೊಂಡಳು.

ಅಕ್ಕ ಬಾಗಿಲಿನ ಪರದೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಏಳುನೂರು ಜನರ ಹಾಲ್‌ನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಮ್ಮಾ, ನೀನು ಸುಳ್ಳು ಹೇಳಿದೆಯಾ ಎಂದು ಕೂಗಿಬಿಡಬೇಕು ಅನ್ನಿಸಿತು ಅವಳಿಗೆ. ಕಣ್ಣೀರು ಒರೆಸಿಕೊಳ್ಳುವಷ್ಟರಲ್ಲಿ ಸೀನು ಮುಗಿದು ಕಾರುಗಳು ಬಂದವು, ಒಂದರ ಹಿಂದೆ ಒಂದು, ಕಿವಿ ಕಿತ್ತುಹೋಗುವ ಸದ್ದು. ಮತ್ತು ಆಗ ಅವಳು ಇಪ್ಪತ್ತೆರಡು ವರ್ಷದಲ್ಲಿ ಹೊರಗಿನಿಂದ ಒಮ್ಮೆಯೂ ಕಾಣದಿದ್ದದ್ದನ್ನು ಕಂಡಳು. ಸಾಲುಸಾಲಾಗಿ ಫೋನುಗಳು ಹೊತ್ತಿಕೊಂಡವು. ಅಲ್ಲೊಂದು, ಇಲ್ಲೊಂದು, ನೋಡನೋಡುತ್ತಾ ನೂರು ಮುಖಗಳು ನೀಲಿಯಾದವು. ಯಾರೂ ಎದ್ದಿಲ್ಲ, ಎಲ್ಲರೂ ಕುರ್ಚಿಯಲ್ಲೇ ಇದ್ದಾರೆ, ಆದರೆ ಒಬ್ಬರೂ ಸಿನಿಮಾದಲ್ಲಿಲ್ಲ. ಅವಳ ರಟ್ಟಿನ ಮೇಲೆ ಈ ಓಟದ ಮುಂದೆ ಒಂದೇ ಒಂದು ಗೀಟಿತ್ತು!

ಹೊರಗೆ ಬಂದು ಮರಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಎಡಿಟಿಂಗ್ ರೂಮಿನಲ್ಲಿ ಕೂತರೆ ಅವನು ಲೋಕದ ಬಾಗಿಲು ಹಾಕಿಕೊಳ್ಳುವವನು. ಗಂಟೆ ಎರಡಾಗಿತ್ತು. ಇಂಟರ್ವಲ್‌ಗೆ ಇನ್ನು ಕಾಲು ಗಂಟೆ. ಅವಳು ಕೌಂಟರಿನ ಶಟರ್ ಎಳೆದಳು.

"ಏಯ್, ಏನು ಮಾಡ್ತಿದೀಯಾ? ಇಂಟರ್ವಲ್ ಇಟ್ಕೊಂಡು ಶಟರ್ ಎಳೀತೀಯಲ್ಲ, ತಲೆ ಕೆಟ್ಟಿದೆಯಾ?" ಗೇಟಿನಣ್ಣ ಓಡಿಬಂದ.

"ಕೆಟ್ಟಿತ್ತು ಅಣ್ಣ, ಒಂದು ವರ್ಷದಿಂದ. ಈಗ ಸರಿ ಮಾಡೋಕೆ ಹೋಗ್ತಿದೀನಿ," ಎಂದವಳೇ ಚಪ್ಪಲಿ ಮೆಟ್ಟಿ ಹೊರಟಳು.

ಬಸ್ಸಿನಲ್ಲಿ ಅವಳಿಗೆ ಮುಳ್ಳಿನ ಮೇಲೆ ಕೂತ ಹಾಗಿತ್ತು. ಸಿಗ್ನಲ್ ಬಂದಾಗಲೆಲ್ಲ ಕತ್ತು ಉದ್ದ ಮಾಡಿ ಡ್ರೈವರನ್ನು ಬೈದಳು. ಎಡಿಟಿಂಗ್ ರೂಮಿದ್ದ ಓಣಿಗೆ ಬಂದಾಗ ಮೂರು ಗಂಟೆ. ಇನ್ನೂ ಒಂದು ಗಂಟೆ ಇದೆ ಎಂದು ಉಸಿರು ಬಿಟ್ಟಳು. ಮೆಟ್ಟಿಲ ಬುಡದವರೆಗೂ ಓಡಿದಳು. ಅಲ್ಲಿ ಕಾಲು ನಿಂತುಬಿಟ್ಟಿತು ನೋಡಿ.

ಜೋಳದ ವಿಷಯ ಹೇಳುವುದು ಕಷ್ಟವಿರಲಿಲ್ಲ. ನಗುತ್ತಾನೆ, ಅಥವಾ ಬೈಯುತ್ತಾನೆ. ಆದರೆ ಅವನು ತಕ್ಷಣ ಕೇಳುತ್ತಾನೆ: ಜನ ಎದ್ದದ್ದು ಜೋಳಕ್ಕೆ ಸರಿ, ನಿನಗೆ ಯಾಕೆ ಎಳೀತು? ಅದಕ್ಕೆ ಏನು ಹೇಳುವುದು? ಎರಡು ಮೆಟ್ಟಿಲು ಹತ್ತಿದಳು, ಇಳಿದಳು. ಮೊದಲು ಜೋಳದಿಂದ ಶುರು ಮಾಡಲೋ, ಫೋನುಗಳಿಂದ ಶುರು ಮಾಡಲೋ? "ಮರಿ, ನಿನ್ನೆ ನಾನು ಗಡಿಬಿಡಿಯಲ್ಲಿದ್ದೆ..." ಅಲ್ಲ. "ಮರಿ, ಅರ್ಧ ನೋಡಿದ್ದೆ..." ಅದೂ ಸುಳ್ಳೇ ಆಯಿತಲ್ಲ! ಊರಿಗೆಲ್ಲ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಗಡಿಯಾರದಕ್ಕ ಆ ಓಣಿಯಲ್ಲಿ ಬಾಲ ಸುಟ್ಟ ಬೆಕ್ಕಿನಂತೆ ಅತ್ತಿಂದಿತ್ತ ತಿರುಗಿದಳು. ಓಣಿಯ ತುದಿಯ ಅಂಗಡಿಯವರೆಗೆ ಹೋಗಿ ನೀರು ಕುಡಿದು ಬಂದಳು. ಮತ್ತೆ ಹೋದಳು. ಕೊನೆಗೆ ತನ್ನ ಮೇಲೆ ತನಗೇ ಹೇಸಿಗೆಯಾಗಿ ದಡದಡ ಮೆಟ್ಟಿಲು ಹತ್ತಿದಾಗ ಮೂರೂ ಮುಕ್ಕಾಲು.

ರೂಮಿನಲ್ಲಿ ಮರಿ ಒಬ್ಬನೇ ಇದ್ದ. ಪರದೆಗಳೆಲ್ಲ ಆರಿದ್ದವು.

"ಬೆಡ್‌ಶೀಟಿನ ಸೀನ್ ತೆಗೀಬೇಡ ಕಣೋ," ಎಂದಳು, ಬಾಗಿಲಲ್ಲೇ ನಿಂತು. "ಜನ ಎದ್ದಿದ್ದು ನನ್ನ ಜೋಳದ ವಾಸನೆಗೆ. ಇವತ್ತು ಮೆಷಿನ್ ಕೆಟ್ಟಿತ್ತು, ಒಬ್ರೂ ಏಳಲಿಲ್ಲ. ಕಾರ್ ಓಟದಲ್ಲಿ ಎಲ್ಲರೂ ಫೋನ್ ನೋಡ್ತಿದ್ರು. ಅದನ್ನ ತೆಗಿ. ಮತ್ತೆ... ನಿನ್ನೆ ನಾನು ನೋಡಿರಲಿಲ್ಲ. ಒಳಗೇ ಹೋಗಿರಲಿಲ್ಲ. ಸುಳ್ಳು ಹೇಳ್ದೆ."

ಮರಿ ಅವಳನ್ನೇ ನೋಡಿದ.

"ಕಳಿಸಾಯ್ತು ಅಕ್ಕ. ಇಪ್ಪತ್ತು ನಿಮಿಷ ಆಯ್ತು. ನಲವತ್ತೆರಡು ಥಿಯೇಟರಿಗೂ ಹೋಯ್ತು."

"ನಾಲ್ಕು ಗಂಟೆ ಅಂದಿದ್ದೆಯಲ್ಲೋ!"

"ಬೇಗ ಮುಗೀತು, ಬೇಗ ಕಳಿಸ್ದೆ. ಯಾವುದಕ್ಕೆ ಕಾಯಬೇಕಿತ್ತು?" ಅವನು ಕಿಟಕಿಯ ಕಡೆ ಕೈ ತೋರಿಸಿದ. "ನೀನು ಕೆಳಗೆ ಓಡಾಡ್ತಿದ್ದಿದ್ದು ನೋಡ್ದೆ. ಯಾರನ್ನೋ ಕಾಯ್ತಿದೀಯ ಅಂದ್ಕೊಂಡೆ. ಕೂಗಬೇಕು ಅನ್ನಿಸ್ತು. ಆಮೇಲೆ, ಎಳೀತು ಅಂದವಳ ಹತ್ರ ಏನು ಮಾತು ಅಂತ ಸುಮ್ಮನಾದೆ."

ಅವಳು ಗೋಡೆಗೆ ಒರಗಿ ನಿಂತಳು.

"ಇಪ್ಪತ್ತೆರಡು ವರ್ಷದಿಂದ ಕಂಡಕಂಡವರಿಗೆಲ್ಲ ನಿಜ ಹೇಳ್ಕೊಂಡು ಬಂದೆಯಲ್ಲ ಅಕ್ಕ," ಎಂದ ಮರಿ, "ನನಗೊಬ್ಬನಿಗೇ ಸುಳ್ಳು ಹೇಳಬೇಕಿತ್ತಾ? ನಲವತ್ತು ಜನ ಎದ್ದು ಹೋದ್ರು ಅಂತ ನಾನದನ್ನ ತೆಗೀಲಿಲ್ಲ. ನಾಲ್ಕುನೂರು ಜನ ಹೋಗಿದ್ರೂ ಇಟ್ಕೊಳ್ತಿದ್ದೆ, ನಿರ್ಮಾಪಕರ ಕಾಲು ಹಿಡೀತಿದ್ದೆ. ನಿನಗೇ ಎಳೀತು ಅಂದ್ರೆ, ಇನ್ಯಾರಿಗೆ ಅಂತ ಇಟ್ಕೊಳ್ಳಲಿ?"

"ಬೇರೆಯವರು ಜನ ಎಲ್ಲಿ ಎದ್ರು ಅಂತಷ್ಟೇ ಕೇಳ್ತಿದ್ರು ಕಣೋ. ನೀನು ನನ್ನನ್ನ ಕೇಳಿದೆ. ನಾಚಿಕೆ ಆಯ್ತು." ಅವಳು ಅತ್ತಳು, ಮುಚ್ಚಿಡಲಿಲ್ಲ. "ಅಮ್ಮ ಪಕ್ಕದ ಮನೆಯವಳು ಹಿಡೀತಾಳೆ ಅಂತಿದ್ಲು."

"ಯಾರೂ ಹಿಡೀತಿರಲಿಲ್ಲ. ನಿನಗೆ ಹೇಳಬಾರದು ಅಂತ ನನ್ನ ಹತ್ರ ಆಣೆ ಹಾಕಿಸಿಕೊಂಡಿದ್ಲು."

ಆಮೇಲೆ ಅವಳೇ ಮೂಗು ಒರೆಸಿಕೊಂಡು, ಅವಳ ಎಂದಿನ ಅವಸರದಲ್ಲಿ, ಈಗಲೇ ನಿರ್ಮಾಪಕರಿಗೆ ಫೋನ್ ಮಾಡು, ನಾನು ಮಾತಾಡ್ತೀನಿ, ಜಾಲರಿ ತೋರಿಸ್ತೀನಿ, ಎಂದು ಗದ್ದಲ ಶುರು ಮಾಡಿದಳು. ಮರಿ ಫೋನ್ ಮಾಡಿದ. ಆ ಕಡೆಯಿಂದ ಬಂದ ಮಾತು ಅವಳಿಗೂ ಕೇಳಿಸಿತು. ಕಾರು ಬೇಕಂತೆ, ಹೊಸ ಪ್ರತಿ ಚೆನ್ನಾಗಿದೆಯಂತೆ, ಕ್ಯಾಂಟೀನಿನವಳ ವಾಸನೆ ಪುರಾಣ ಕೇಳಲು ಪುರಸೊತ್ತಿಲ್ಲವಂತೆ. ಬೇಕಿದ್ದರೆ ಅವಳ ಥಿಯೇಟರೊಂದರಲ್ಲಿ ಹಳೆಯದನ್ನೇ ಓಡಿಸಿಕೊಂಡು ಸಾಯಿರಿ, ಗುರುವಾರದವರೆಗೆ, ಆಮೇಲೆ ಆ ಮಾತು ಎತ್ತಬೇಡಿ ಎಂದು ಫೋನ್ ಇಟ್ಟರು.

ನಲವತ್ತೆರಡರಲ್ಲಿ ಒಂದು. ಗುರುವಾರದವರೆಗೆ ಐದು ದಿನ. ನಿನ್ನೆ ಒಂದು ಮಾತು ಸರಿಯಾಗಿ ಆಡಿದ್ದರೆ, ಇವತ್ತು ಮೂರಕ್ಕೇ ಮೆಟ್ಟಿಲು ಹತ್ತಿದ್ದರೆ ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದಳು. ಲೆಕ್ಕ ಹಾಕಿದಷ್ಟೂ ಸಂಕಟ ಹೆಚ್ಚಾಯಿತು.

"ಒಂದು ಕೆಲಸ ಮಾಡು," ಎಂದ ಮರಿ, ಅವಳನ್ನು ಮೆಟ್ಟಿಲವರೆಗೆ ಬಿಡಲು ಬಂದವನು. "ದಿನಾ ಆ ಸೀನಲ್ಲಿ ಎಷ್ಟು ಜನ ಎದ್ರು ಅಂತ ನನಗೆ ಫೋನ್ ಮಾಡಿ ಹೇಳು. ನನಗೆ ಬೇಜಾರಾಗುತ್ತೆ ಅಂತ ಕಮ್ಮಿ ಮಾಡಿ ಹೇಳಬೇಡ."

ಭಾನುವಾರ ಬೆಳಿಗ್ಗೆ ಮೆಷಿನ್ ರಿಪೇರಿಯಾಗಿ ಬಂತು. ಆದರೂ ಇಂಟರ್ವಲ್ ಬೆಲ್ ಹೊಡೆಯುವವರೆಗೆ ಜೋಳ ಮುಟ್ಟುವುದಿಲ್ಲ ಎಂದು ಶಪಥ ಮಾಡಿದಳು. ಕೌಂಟರಿಗೆ ಗೇಟಿನಣ್ಣನನ್ನು ಕಾವಲು ನಿಲ್ಲಿಸಿ, "ಚಹಾ ಮಾತ್ರ ಕೊಡಿ, ಬಾಯಿ ಮಾತ್ರ ಬಿಡಬೇಡಿ," ಎಂದು ತಾಕೀತು ಮಾಡಿ, ಮಧ್ಯಾಹ್ನದ ಶೋಗೆ ಶುರುವಿನಿಂದಲೇ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಜಾಗ ಹಿಡಿದಳು. ಜೀವ ಹಿಡಿಯಲ್ಲಿತ್ತು. ತಾರಸಿ ಬಂತು, ಬಿಳಿ ಶೀಟುಗಳು ಬಂದವು. ಅಮ್ಮ ಅಭ್ಯಾಸದಂತೆ ಮಗಳ ಹೆಸರು ಕೂಗಿ ಸುಮ್ಮನಾಗುವುದು, ಕಿಟಕಿಯ ಸರಳಿಗೆ ಶೀಟಿನ ತುದಿ ಕಟ್ಟಿ ನೋಡಿ ಸೋಲುವುದು, ಅವಳು ಶನಿವಾರ ಕಾಣದ ಮೊದಲರ್ಧವೆಲ್ಲ ಈಗ ಕಂಡಳು. ಆಗಲೇ ಮುಂದಿನಿಂದ ಇಬ್ಬರು ಎದ್ದರು. ಬಲಗಡೆಯಿಂದ ಒಂದು ಸಂಸಾರ ಎದ್ದಿತು, ಗಂಡ ಹೆಂಡತಿ ಮಕ್ಕಳು ಸಮೇತ. ಆಮೇಲೆ ಒಬ್ಬೊಬ್ಬರಾಗಿ ಇನ್ನಷ್ಟು. ವಾಸನೆಯೂ ಇಲ್ಲ, ಮಣ್ಣೂ ಇಲ್ಲ, ಅವರಿಗೆ ಬೇಡವಾಗಿತ್ತು ಅಷ್ಟೇ. ಅವರು ಬಾಗಿಲಿಗೆ ಹೋಗುವಾಗ ಕೈ ಹಿಡಿದು ಎಳೆದು ಕೂರಿಸಬೇಕು ಅನ್ನಿಸಿತು. ಬೆರಳು ಮಡಚಿ ಎಣಿಸಿದಳು.

ಇಂಟರ್ವಲ್ ಗಿರಾಕಿಗಳು ಕರಗಿದ ಮೇಲೆ ಫೋನ್ ಮಾಡಿದಳು. ಮೊದಲನೇ ರಿಂಗಿಗೇ ಮರಿ ಎತ್ತಿಕೊಂಡ.

"ಎಷ್ಟು?"

ಮೂರು ಎನ್ನಲು ಬಾಯಿ ತೆರೆದಳು. ಮೂರು ಎಂದರೆ ಅವನ ದನಿ ಹೇಗೆ ಅರಳುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಹನ್ನೊಂದು," ಅಂದಳು.

"ಹನ್ನೊಂದಾ?"

"ಹನ್ನೊಂದು ಜನ ಎದ್ದು ಹೋದ್ರು ಮರಿ. ಜೋಳ ಹುರಿದಿರಲಿಲ್ಲ."

"ಸರಿ," ಅಂದ. ಆಮೇಲೆ, ಚಿಕ್ಕವನಾಗಿದ್ದಾಗ ಕೇಳುತ್ತಿದ್ದ ದನಿಯಲ್ಲಿ ಕೇಳಿದ, "ನೀನು?"

"ನಾನು ಇದ್ದೆ ಕಣೋ," ಅಂದಳು ಅಕ್ಕ. "ಆ ಸೀನಿನ ಕೊನೇವರೆಗೂ ಇದ್ದೆ."